ಕಲ್ಯಾಣಪ್ಪ ಕಬಾಬಿನ ಜಾಲಿ ತಿಕ್ಕಿದ್ದು

ಸ್ವಚ್ಛವಾಗಿರುವುದು ಒಳ್ಳೆಯ ಗುಣ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಆ ಗುಣವೆಲ್ಲ ಒಬ್ಬನೇ ಮನುಷ್ಯನಲ್ಲಿ ಹೋಗಿ ಸೇರಿಕೊಂಡರೆ ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ಕೂಡಬೇಕಾಗುತ್ತದೆ. ನಂಬದವರು ಚಿತ್ತಾಪುರದ ಹಳಬರನ್ನು ಕೇಳಬಹುದು. ಆ ಮನುಷ್ಯನ ಹೆಸರು ಕಲ್ಯಾಣಪ್ಪ. ನಿಜಾಮರ ಆಳಿಕೆಯಲ್ಲಿ ನಮ್ಮೂರ ಸರ್ಕಾರಿ ಮುಸಾಫಿರ್ ಬಂಗಲೆಗೆ ಅವನೇ ದಾರೋಗಾ, ಅಂದರೆ ಅಲ್ಲಿನ ಮಂಚ, ಹಾಸಿಗೆ, ಲಾಂದ್ರ, ಪಾತ್ರೆ ಪಗಡಗಳಿಗೆಲ್ಲ ಒಡೆಯ. ಒಡೆಯನೆಂದರೂ ಹಂಗಾಮಿ ಒಡೆಯ. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ.

ಖಾಯಂ ಆಗದ ನೌಕರಿಯಿಂದ ಸಂಬಳಕ್ಕೆ ಅಂಥ ತೊಂದರೆಯಿಲ್ಲ, ಮಾನಕ್ಕೆ ತೊಂದರೆ. ಕಲ್ಯಾಣಪ್ಪನ ಮಾವ ಗುರುಲಿಂಗಪ್ಪನವರು ಸೇಡಂನಲ್ಲಿ ಎಣ್ಣೆಯ ಗಾಣ ಇಟ್ಟವರು, ನಾಲ್ಕು ಮಂದಿ ಮಾತು ಕೇಳುವಂಥವರು. ಅವರು ಎಲ್ಲಿ ಹೋದರೂ "ಇವ್ರು ನಮ್ಮ ಹಂಗಾಮಿ ಅಳಿಯಂದ್ರು" ಎಂದೇ ಪರಿಚಯ ಮಾಡಿಸುತ್ತಿದ್ದರು. ಮದುವೆಯಾಗಿ ಎಷ್ಟೋ ವರ್ಷವಾಗಿದ್ದರೂ ತಾನಿನ್ನೂ ಪರೀಕ್ಷೆಯಲ್ಲಿದ್ದೇನೆ ಎಂದು ಕಲ್ಯಾಣಪ್ಪನಿಗೆ ಅನ್ನಿಸುತ್ತಿತ್ತು. ಅವನ ಹೆಂಡತಿ ಸೂಗಮ್ಮ ಮಾತ್ರ ಈ ಮಾತಿಗೆ ನಗುತ್ತಲೂ ಇರಲಿಲ್ಲ, ಅಳುತ್ತಲೂ ಇರಲಿಲ್ಲ. ಅವಳಿಗೆ ಕೆಲಸವಿತ್ತು.

ಖಾಯಂ ಆಗಬೇಕಾದರೆ ಹೆಸರು ಮಾಡಬೇಕು, ಹೆಸರು ಮಾಡಬೇಕಾದರೆ ಸ್ವಚ್ಛತೆಯಿಂದಲೇ ಮಾಡಬೇಕು ಎಂದು ಕಲ್ಯಾಣಪ್ಪ ನಿಶ್ಚಯಿಸಿದ್ದ. ಲಾಂದ್ರದ ಗಾಜನ್ನು ಬೂದಿಯಿಂದ ತಿಕ್ಕಿ ತಿಕ್ಕಿ ಅದು ಬಳೆಯ ಗಾಜಿನಷ್ಟು ತೆಳ್ಳಗಾಗಿತ್ತು. ಶಹಾಬಾದಿನ ಕಲ್ಲುಗಣಿ ನೋಡಲು ಬಂದ ದೊಡ್ಡ ಸಾಹೇಬನೊಬ್ಬ ವರಾಂಡದಲ್ಲಿ ಚಿರೂಟಿನ ಬೂದಿ ಉದುರಿಸಿದಾಗ, ಕಲ್ಯಾಣಪ್ಪ ಅವನ ಹಿಂದೆ ಹಿಂದೆಯೇ ತಾಟು ಹಿಡಿದು ತಿರುಗಿದನಂತೆ. ಸಾಹೇಬ ಮಧ್ಯಾಹ್ನದ ಗಾಡಿಗೇ ಹೊರಟುಹೋದ. ಬಂಗಲೆ ಖಾಲಿ ಇದ್ದಷ್ಟೂ ಸ್ವಚ್ಛ ಎಂಬುದು ಕಲ್ಯಾಣಪ್ಪನ ಸಿದ್ಧಾಂತ.

ಇಂಥ ಬಂಗಲೆಯಲ್ಲಿ ಒಂದೇ ಒಂದು ವಸ್ತು ಅವನ ಮಾತು ಕೇಳುತ್ತಿರಲಿಲ್ಲ. ಅದು ಅಡುಗೆಯ ಗನಿಸಾಬನ ಜಾಲಿ, ಕೆಂಡದ ಒಲೆಯ ಮೇಲಿಟ್ಟು ಕಬಾಬು ಸುಡುವ ಕಬ್ಬಿಣದ ಜಾಲರಿ. ಗನಿಸಾಬನ ಅಜ್ಜನ ಕಾಲದ್ದಂತೆ. ಅಜ್ಜನ ಕಾಲದಿಂದ ನೀರು ಕಂಡಿಲ್ಲವೆಂದು ಗನಿಸಾಬ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಜಾಲಿಯನ್ನು ಖಾಲಿ ಕೆಂಡದ ಮೇಲೆ ಚೆನ್ನಾಗಿ ಕಾಯಿಸುವುದು, ಅರ್ಧ ಉಳ್ಳಾಗಡ್ಡಿಯನ್ನು ಸೀಖಿನ, ಅಂದರೆ ಕಬಾಬಿನ ಕಂಬಿಯ, ತುದಿಗೆ ಚುಚ್ಚಿ ಅದರ ಮೇಲೆ ಗಸಗಸ ತಿಕ್ಕುವುದು, ಮಡಿಚಿದ ಒದ್ದೆ ಗೋಣಿತಟ್ಟಿನಿಂದ ಒರೆಸಿ ಒಂದಿಷ್ಟು ಕೊಬ್ಬು ಸವರಿ ಬಿಡುವುದು, ಅಷ್ಟೇ ಅವನ ಸ್ವಚ್ಛತೆ. ಉಳಿದ ಕಪ್ಪೆಲ್ಲ ಹಿರಿಯರ ಆಶೀರ್ವಾದ, ಅದರಿಂದಲೇ ಕಬಾಬಿಗೆ ರುಚಿ ಎಂದು ಅವನ ವಾದ. ಆ ಆಶೀರ್ವಾದ ಬೆರಳಿನಷ್ಟು ದಪ್ಪ ಇತ್ತು.

ಕಲ್ಯಾಣಪ್ಪ ಕೊರಳಲ್ಲಿ ಲಿಂಗ ಕಟ್ಟಿದವನು. ಮಾಂಸ ಸುಟ್ಟ ಕಬ್ಬಿಣವನ್ನು ಕೈಯಿಂದ ಮುಟ್ಟುವಂತಿಲ್ಲ. ಹೊಲಸನ್ನು ಕಂಡು ಸುಮ್ಮನಿರುವುದಂತೂ ಅವನ ಹಣೆಯಲ್ಲಿ ಬರೆದಿರಲಿಲ್ಲ. ಮುಟ್ಟಿದರೆ ಮನೆಯಲ್ಲಿ ಕಷ್ಟ, ಬಿಟ್ಟರೆ ಮನಸ್ಸಿಗೆ ಕಷ್ಟ. ಎಷ್ಟೋ ದಿನ ಅವನು ದೂರ ನಿಂತು ಆ ಜಾಲಿಯನ್ನು ಸಾಲಗಾರನನ್ನು ನೋಡಿದ ಹಾಗೆ ನೋಡುತ್ತಿದ್ದ.

ಹೀಗಿರುವಾಗ ತಹಸೀಲ್ದಾರ ಅಮೀರ್ ಅಲಿ ಸಾಹೇಬರ ಮಗನ ಬಿಸ್ಮಿಲ್ಲಾ ಶಾಸ್ತ್ರ ನಿಶ್ಚಯವಾಯಿತು. ಹುಡುಗನಿಗೆ ಮೊದಲ ಅಕ್ಷರ ಹೇಳಿಕೊಡುವ ಈ ಶುಭಕಾರ್ಯಕ್ಕೆ ಊರವರಿಗೆಲ್ಲ ಬಂಗಲೆಯ ಅಂಗಳದಲ್ಲಿ ಊಟದ ದಾವತ್. ಎರಡು ಹಂದರ ಹಾಕಿಸಿದರು. ಪಡುವಣ ಹಂದರದಲ್ಲಿ ತಾಟುಗಳಲ್ಲಿ ಗನಿಸಾಬನ ಕಬಾಬು, ಬಿರಿಯಾನಿ. ಮೂಡಣ ದಿಕ್ಕಿಗೆ, ಬೇವಿನ ಮರದ ಕೆಳಗಿನ ಹಂದರದಲ್ಲಿ, ಲಿಂಗಾಯತರಿಗೂ ವ್ಯಾಪಾರಸ್ಥರಿಗೂ ಹೋಳಿಗೆ, ಎಣ್ಣೆಗಾಯಿ ಬದನೆಕಾಯಿ. ಅದರ ಹೊಣೆ ಸೂಗಮ್ಮನದು. ದಾವತ್ ಸುಸೂತ್ರವಾಗಿ ನಡೆದರೆ ಕಲ್ಯಾಣಪ್ಪನನ್ನು ಖಾಯಂ ಮಾಡುವ ಕಾಗದಕ್ಕೆ ರುಜು ಹಾಕುತ್ತೇನೆಂದು ತಹಸೀಲ್ದಾರರು ತಮ್ಮ ಬಾಯಿಂದಲೇ ಹೇಳಿದರು. ಕಲ್ಯಾಣಪ್ಪ ಅಂದು ಬಂಗಲೆಯ ಬೇವಿನ ಮರಕ್ಕೂ ನೀರು ಹಾಕಿ ತೊಳೆದ.

ದಾವತ್ತಿನ ಹಿಂದಿನ ದಿನ ಅವನು ಸೋಡಾ ಬಾಟಲಿ ತರಲು ವಾಡಿ ಜಂಕ್ಷನ್ನಿಗೆ ಹೋದ. ಅಲ್ಲಿ ಎಂಜಿನ್ನಿನ ಕೊಟ್ಟಿಗೆಯಲ್ಲಿ ಅವನ ಪರಿಚಯದ ಹಾಜಿಮಲಂಗ್ ಎಂಬ ಖಲಾಸಿ ಎಂಜಿನ್ನಿನ ಹೊಟ್ಟೆಯ ಕೊಳವೆಗಳನ್ನು ತಿಕ್ಕುತ್ತಿದ್ದ. ಅವನ ಕೈಯಲ್ಲಿ ಮೊಳಕ್ಕಿಂತ ಉದ್ದ ಹಿಡಿಕೆಯ ಬುರುಸು, ಅದರ ತುದಿಗೆ ಮುಳ್ಳುಹಂದಿಯ ಹಾಗೆ ಉಕ್ಕಿನ ತಂತಿಗಳು. ಕಲ್ಯಾಣಪ್ಪ ನಿಂತಲ್ಲೇ ನಿಂತ. ದೇವರು ಇಷ್ಟು ಉದ್ದದ ಹಿಡಿಕೆಯನ್ನು ಇನ್ಯಾತಕ್ಕೆ ಹುಟ್ಟಿಸಿರುತ್ತಾನೆ? ಇದರಿಂದ ತಿಕ್ಕಿದರೆ ಕೈ ಇಲ್ಲಿ, ಜಾಲಿ ಅಲ್ಲಿ. ಮೈಲಿಗೆ ಹಿಡಿಕೆ ಹತ್ತಿ ಬರುವುದರೊಳಗೆ ಕೆಲಸ ಮುಗಿದಿರುತ್ತದೆ. ದಾವತ್ತಿಗೆ ಕರೆಯುತ್ತೇನೆಂದು ಪುಸಲಾಯಿಸಿ, ಕೊಟ್ಟಿಗೆಯ ಮೂಲೆಯಲ್ಲಿದ್ದ ಹೊಸ ಬುರುಸೊಂದನ್ನು ಎರವಲು ಪಡೆದು, ವಸ್ತ್ರದಲ್ಲಿ ಸುತ್ತಿ, ಮನೆಗೆ ತಂದು ಅಡುಗೆಮನೆಯ ಹೊರಗಿನ ಗೂಡಿನಲ್ಲಿಟ್ಟ. ಒಳಗೆ ಸೂಗಮ್ಮ ನೆರೆಯ ಹೆಂಗಸರ ಜೊತೆ ಮುತ್ತಲ ಎಲೆಗೆ ಕಡ್ಡಿ ಚುಚ್ಚಿ ಪತ್ರಾವಳಿ ಹಚ್ಚುತ್ತ ಕೂತಿದ್ದಳು. ಇದು ಸರ್ಕಾರಿ ಸಾಮಾನು, ಯಾರೂ ಮುಟ್ಟಬಾರದೆಂದು ಅವನು ಹೇಳಿದ್ದು ಅವಳಿಗೆ ಕೇಳಿಸಿತೋ ಇಲ್ಲವೋ.

ಮರುದಿನ ಬೆಳಿಗ್ಗೆ ಗನಿಸಾಬ ಮಾಂಸ ತರಲು ಹೋದ ಹೊತ್ತು ನೋಡಿ ಕಲ್ಯಾಣಪ್ಪ ಜಾಲಿಯ ಮೇಲೆ ಬಿದ್ದ. ಕಚ್ಚೆ ಬಿಗಿದು, ಮೂಗಿಗೆ ವಸ್ತ್ರ ಕಟ್ಟಿ, ಮೋರೆಯನ್ನು ಬೇವಿನ ಮರದ ಕಡೆ ತಿರುಗಿಸಿ, ಕೈಯನ್ನು ಉದ್ದಕ್ಕೂ ಚಾಚಿ ತಿಕ್ಕಿದ. ಏನು ತಿಕ್ಕುತ್ತಿದ್ದೇನೆ ಎಂಬುದನ್ನು ಅವನು ಒಂದು ಸಲವೂ ನೋಡಲಿಲ್ಲ, ಸಪ್ಪಳದ ಮೇಲೆ ತಿಳಿದುಕೊಂಡ. ಗನಿಸಾಬನ ಹಿರಿಯರ ಆಶೀರ್ವಾದವೆಲ್ಲ ಹಕ್ಕಳೆ ಹಕ್ಕಳೆಯಾಗಿ ನೆಲಕ್ಕೆ ಬಿತ್ತು. ಕೊನೆಗೆ ಜಾಲಿ ಬೆಳ್ಳಿಯ ಹಾಗೆ ಹೊಳೆಯತೊಡಗಿತು. ಗನಿಸಾಬ ಬಂದವನು ಒಲೆಯ ಮುಂದೆ ನಿಂತು, ಇದು ನನ್ನ ಜಾಲಿಯಲ್ಲ, ನನ್ನದನ್ನು ಯಾರೋ ಕದ್ದಿದ್ದಾರೆ ಎಂದು ಹುಯಿಲೆಬ್ಬಿಸಿದ. ಇದೇ ಅದು ಎಂದು ತಿಳಿದ ಮೇಲೆ ಟೊಪ್ಪಿಗೆ ತೆಗೆದು, ಮನೆಯಲ್ಲಿ ಹಿರಿಯರು ತೀರಿಹೋದಾಗ ಕೂಡುವಂತೆ ಗೋಡೆಗೆ ಒರಗಿ ಕೂತುಬಿಟ್ಟ. ಆ ದಿನ ಅವನ ಮೊದಲ ಕಬಾಬುಗಳೆಲ್ಲ ಜಾಲಿಗೇ ಅಂಟಿಕೊಂಡು ಹರಿದುಹೋದವು.

ಆದರೂ ದಾವತ್ತು ಚೆನ್ನಾಗಿ ನಡೆಯಿತು. ಪಡುವಣ ಹಂದರದಲ್ಲಿ ತಹಸೀಲ್ದಾರರು, ಪೊಲೀಸು ಅಮೀನರು, ಯುನಾನಿ ಹಕೀಮರು ಮತ್ತು ವಾಡಿಯಿಂದ ಬಂದ ಹಾಜಿಮಲಂಗ್ ಕಬಾಬಿಗೆ ಕೈ ತಡೆಯಲಿಲ್ಲ. ಮೂಡಣ ಹಂದರದಲ್ಲಿ ಗುರುಲಿಂಗಪ್ಪನವರು ಒಂದು ಪಂಕ್ತಿಯಲ್ಲಿ ಉಂಡು, ಪರಿಚಯದವರು ಸಿಕ್ಕರೆಂದು ಮತ್ತೊಂದು ಪಂಕ್ತಿಯಲ್ಲೂ ಎಲೆ ಹಾಕಿಸಿಕೊಂಡರು. ಕಲ್ಯಾಣಪ್ಪ ತುಪ್ಪ ಎಲೆಯಲ್ಲಿ ಉಳಿಯಬಾರದೆಂದು ಎಲೆಯನ್ನೇ ಮಡಿಚಿ ನೆಕ್ಕಿದ. ಅಷ್ಟಕ್ಕೇ ನಿಂತಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ, ಚಿತ್ತಾಪುರದಲ್ಲಿ ಬಾಳೆಹಣ್ಣಿನ ಬರವೂ ಬರುತ್ತಿರಲಿಲ್ಲ.

ಮರುದಿನ ಹಾಜಿಮಲಂಗ್ ತನ್ನ ಬುರುಸು ವಾಪಸು ಒಯ್ಯಲು ಬಂದ. ಕಲ್ಯಾಣಪ್ಪ ಅವನನ್ನು ಕರೆದೊಯ್ದು ಹೊಳೆಯುವ ಜಾಲಿ ತೋರಿಸಿದ. ಹಾಜಿಮಲಂಗ್ ಜಾಲಿಯನ್ನು ನೋಡಲಿಲ್ಲ. ಬುರುಸನ್ನೇ ತಿರುಗಿಸಿ ತಿರುಗಿಸಿ ನೋಡಿದ. ಅದರ ನಡುವೆ ಅಂಗೈಯಗಲ ತಂತಿಯೇ ಇರಲಿಲ್ಲ.

"ಕಲ್ಯಾಣಪ್ಪ, ನಾ ಕೊಟ್ಟಾಗ ಇದರ ತಲಿ ತುಂಬ ಕೂದಲಿದ್ವು. ಈಗ ನೋಡು, ನಡುನೆತ್ತಿ ಬೋಳಾಗ್ಯಾದ. ತಂತಿ ಎಲ್ಲಿ ಹೋಗ್ಯಾವ?"

ಕಲ್ಯಾಣಪ್ಪನಿಗೆ ಗೊತ್ತಿರಲಿಲ್ಲ. ತಿಕ್ಕುವಾಗ ಅವನು ಬೇವಿನ ಮರ ನೋಡುತ್ತಿದ್ದ. ಹಾಜಿಮಲಂಗ್ ನಿಧಾನವಾಗಿ ವಿಚಾರ ಮಾಡುವ ಮನುಷ್ಯ. ತಂತಿ ಉದುರಿದ್ದರೆ ಜಾಲಿಯ ಸಂದಿಗೆ ಸಿಕ್ಕಿರಬೇಕು ಎಂದ. ಸ್ವಲ್ಪ ಹೊತ್ತು ಬಿಟ್ಟು, ಜಾಲಿಗೆ ಸಿಕ್ಕಿದ್ದು ಕಬಾಬಿಗೆ ಹತ್ತಿರಬೇಕು ಎಂದ. ಮತ್ತೂ ಸ್ವಲ್ಪ ಹೊತ್ತು ಬಿಟ್ಟು, "ಕಬಾಬು ನಾ ಭಾಳ ತಿಂದೀನಿ" ಎಂದು ಹೇಳಿ ಅಲ್ಲೇ ಕೆಳಗೆ ಕೂತ.

ಕಲ್ಯಾಣಪ್ಪ ಓಡಿಹೋಗಿ ಒಂದು ಕೋಲಿಗೆ ಹತ್ತಿ ಸುತ್ತಿಕೊಂಡು ಬಂದ. ಜಾಲಿಯ ಪ್ರತಿ ಸರಳಿನ ಮೇಲೂ ಹತ್ತಿಯನ್ನು ಎಳೆದ. ಒಂದು ತಂತಿಯಾದರೂ ಅಂಟಿಕೊಂಡಿದ್ದರೆ ಹತ್ತಿಗೆ ಸಿಕ್ಕೇ ಸಿಗುತ್ತಿತ್ತು. ಇದು ನಿಜವಾಗಿಯೂ ಬುದ್ಧಿವಂತಿಕೆಯ ಕೆಲಸ, ಕಬಾಬು ಸುಡುವ ಮೊದಲು ಮಾಡಿದ್ದರೆ ಇನ್ನೂ ಚೆನ್ನಾಗಿತ್ತು. ಹತ್ತಿ ಹೋದ ಹಾಗೇ ಬಂತು, ಒಂದು ತಂತಿಯೂ ಇಲ್ಲ. ಬೇರೆಯವರಾಗಿದ್ದರೆ ಸಮಾಧಾನಪಡುತ್ತಿದ್ದರು. ಕಲ್ಯಾಣಪ್ಪ ಕೋಲು ಕೆಳಗೆ ಹಾಕಿ ಬೇರೆಯೇ ಲೆಕ್ಕ ಹಾಕಿದ. ಜಾಲಿಯ ಮೇಲೆ ಒಂದೂ ಉಳಿದಿಲ್ಲವೆಂದರೆ ಅಷ್ಟೂ ತಂತಿ ದೊಡ್ಡವರ ಹೊಟ್ಟೆಯಲ್ಲಿದೆ ಎಂದಾಯಿತಲ್ಲ!

ಇಂಥ ಹೊತ್ತಿನಲ್ಲಿ ಸುಮ್ಮನಿರುವವನೇ ಜಾಣ. ಕಲ್ಯಾಣಪ್ಪ ಹಕೀಮರ ಹತ್ತಿರ ಹೋದ. ಯಾರ ಹೆಸರೂ ಹೇಳದೆ ಗುಟ್ಟಾಗಿ ಔಷಧ ಕೇಳಿಕೊಂಡು ಬರಬೇಕೆಂಬುದು ಅವನ ಎಣಿಕೆ. ಒಬ್ಬ ಮನುಷ್ಯ ಇದ್ದಾನೆ, ಅವನು ನಾನಲ್ಲ, ಅವನು ತಿಳಿಯದೆ ಕಬ್ಬಿಣದ ತಂತಿ ನುಂಗಿದ್ದಾನೆ, ಏನು ಮಾಡಬೇಕು ಎಂದು ಕೇಳಿದ. ಹಕೀಮರು ಗಡ್ಡ ನೀವಿಕೊಂಡು, ಆ ಮನುಷ್ಯ ತಂತಿಯನ್ನು ಯಾತರ ಜೊತೆ ನುಂಗಿದ ಎಂದು ವಿಚಾರಿಸಿದರು.

"ಕಬಾಬಿನ ಜೋಡಿರಿ" ಎಂದ ಕಲ್ಯಾಣಪ್ಪ.

ಹಕೀಮರು ಗಡ್ಡ ನೀವುವುದನ್ನು ನಿಲ್ಲಿಸಿದರು. ಯಾವ ಕಬಾಬು, ಎಂದಿನದು ಎಂದು ಕೇಳುವಷ್ಟರಲ್ಲೇ ಅವರ ಹೊಟ್ಟೆಯಲ್ಲಿ ಏನೋ ಚುಚ್ಚಿತು. ಅಲ್ಲಿಯವರೆಗೆ ಸುಖವಾಗಿದ್ದ ಹೊಟ್ಟೆ. ಅದೇ ಕ್ಷಣದಲ್ಲಿ ಔಷಧಾಲಯದ ಬಾಗಿಲು ಹಾಕಿಸಿ, ಇದ್ದಬದ್ದ ಇಸಬಗೋಲನ್ನು ನೀರಿಗೆ ಹಾಕಿ ತಾವೇ ಕುಡಿದರು. ಆಮೇಲೆ ತಹಸೀಲ್ದಾರರ ಮನೆಗೆ ಹೋಗಿ, ಹುಜೂರರಿಗೆ ಏನಾದರೂ ಚುಚ್ಚಿದ ಹಾಗೆ ಆಗುತ್ತಿದೆಯೇ ಎಂದು ವಿಚಾರಿಸಿದರು. ತಹಸೀಲ್ದಾರರು ಇಲ್ಲವೆಂದರು. ಹಕೀಮರು ಕಾರಣ ವಿವರಿಸಿದ ಮೇಲೆ ಹೌದೆಂದರು.

ಮಧ್ಯಾಹ್ನದೊಳಗೆ ಪಡುವಣ ಹಂದರದಲ್ಲಿ ಉಂಡ ಗಂಡಸರೆಲ್ಲ ಹೊಟ್ಟೆ ಹಿಡಿದುಕೊಂಡಿದ್ದರು. ಒಬ್ಬರಿಗೆ ಎಡಗಡೆ ಚುಚ್ಚುತ್ತಿತ್ತು, ಇನ್ನೊಬ್ಬರಿಗೆ ಬಲಗಡೆ. ಕಚೇರಿಯ ಪೇಶಕಾರನಿಗೆ ಬೆನ್ನಿನಲ್ಲಿ ಚುಚ್ಚುತ್ತಿತ್ತು, ತಂತಿ ಹೊಟ್ಟೆ ತೂರಿ ಆರಪಾರು ಹೊರಟಿದೆ ಎಂದು ಅವನು ವಿಲ್ ಬರೆಸಲು ವಕೀಲರನ್ನು ಕರೆಸಿದ. ವಕೀಲರೂ ಕಬಾಬು ತಿಂದವರೇ ಆದ್ದರಿಂದ ಬರಲಿಲ್ಲ. ಬಾಳೆಹಣ್ಣು ನುಂಗಿದರೆ ತಂತಿ ಅದರಲ್ಲಿ ಹೂತು ಮೆಲ್ಲಗೆ ಸಾಗಿಹೋಗುತ್ತದೆ ಎಂದು ಹಕೀಮರು ಹೇಳಿದ್ದೇ ತಡ, ತಹಸೀಲ್ದಾರರ ಹೆಂಡತಿ ಅಖ್ತರ ಬೇಗಂ ಆಳುಗಳನ್ನು ಬಜಾರಿಗೆ ಅಟ್ಟಿ ಗೊನೆಗೊನೆಯನ್ನೇ ತರಿಸಿಕೊಂಡರು. ಸಂಜೆಯ ಹೊತ್ತಿಗೆ ಚಿತ್ತಾಪುರದ ಗುಡಿಗಳಲ್ಲಿ ದೇವರಿಗೂ ಹಣ್ಣು ಸಿಗಲಿಲ್ಲ.

ಹಾಜಿಮಲಂಗ್ ತನ್ನ ಪಾಲಿನ ಪ್ರಾಯಶ್ಚಿತ್ತವೆಂದು ವಾಡಿಗೆ ಹೋಗಿ ರೈಲ್ವೆಯ ಟೆಲಿಗ್ರಾಂ ಕಚೇರಿಯಿಂದ ಕುದುರೆಲಾಳದಂಥ ದೊಡ್ಡ ಚುಂಬಕ ತಂದ. ಹೊಟ್ಟೆಯ ಮೇಲೆ ಆಡಿಸಿದರೆ ತಂತಿ ಎಲ್ಲಿದೆಯೋ ಅಲ್ಲಿ ಹಿಡಿಯುತ್ತದೆ ಎಂದು ಅವನ ನಂಬಿಕೆ. ಬಂಗಲೆಯ ವರಾಂಡದಲ್ಲಿ ದೊಡ್ಡವರೆಲ್ಲ ಸಾಲಾಗಿ ಅಂಗಾತ ಮಲಗಿದರು. ಅಮೀನರ ಹೊಟ್ಟೆಯ ಹತ್ತಿರ ಬಂದಾಗ ಚುಂಬಕ ಟಪ್ಪೆಂದು ಹಿಡಿಯಿತು. ಎಲ್ಲರೂ ದೇವರ ಹೆಸರು ಹೇಳಿದರು. ಅಮೀನರು ಕಣ್ಣು ಮುಚ್ಚಿ ಹೆಂಡತಿ ಮಕ್ಕಳನ್ನು ನೆನೆಸಿದರು. ಆಮೇಲೆ ನೋಡಿದರೆ ಅದು ಸೊಂಟದ ಪಟ್ಟಾದ ಕಬ್ಬಿಣದ ಬಕ್ಕಲಿಗೆ ಹಿಡಿದಿತ್ತು. ಹೀಗೆ ಹೆದರಿದ್ದನ್ನು ಮಂದಿ ನೋಡಿದರೆಂದು ಅಮೀನರಿಗೆ ಭಾರಿ ಸಿಟ್ಟು ಬಂತು, ಆ ಸಿಟ್ಟಿನಿಂದಲೇ ತನಿಖೆ ಶುರುವಾಯಿತು.

ಈ ಹೊತ್ತಿನಲ್ಲಿ ಊರಲ್ಲಿ ಸುಖವಾಗಿದ್ದವರೆಂದರೆ ಮೂಡಣ ಹಂದರದವರು. ಗುರುಲಿಂಗಪ್ಪನವರು ಸೇಡಂಗೆ ಹೋಗಬೇಕಾದವರು ಹೋಗಲೇ ಇಲ್ಲ, ಇಂಥ ದೃಶ್ಯ ದಿನಾ ಸಿಗುವುದಿಲ್ಲವಲ್ಲ. ಮಾರಾಟಕ್ಕೆಂದು ತಂದಿದ್ದ ಔಡಲೆಣ್ಣೆಯ, ಅಂದರೆ ಹರಳೆಣ್ಣೆಯ, ಡಬ್ಬಿಯನ್ನು ಬಂಗಲೆಗೇ ಹೊರಿಸಿಕೊಂಡು ಬಂದರು. ಮಲಗಿದವರ ಮಧ್ಯೆ ಅಡ್ಡಾಡುತ್ತ, ಹೇಳದೆ ಕೇಳದೆ ಎಲ್ಲರಿಗೂ ಒಂದೊಂದು ಸೌಟು ಕುಡಿಸಿದರು, ಜೊತೆಗೆ ಒಂದೊಂದು ಉಪದೇಶ. ಬಾಯಿಯ ಚಪಲಕ್ಕೆ ದೇವರು ಯಾವ ರೂಪದಲ್ಲಿ ಶಿಕ್ಷೆ ಕೊಡುತ್ತಾನೆ ಎಂದು ಹೇಳಲಾಗದು, ಈ ಸಲ ಕಬ್ಬಿಣದ ರೂಪದಲ್ಲಿ ಕೊಟ್ಟಿದ್ದಾನೆ ಎಂದರು. ತಮ್ಮ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡು, ಹೋಳಿಗೆ ಉಂಡವರಿಗೆ ಹಕೀಮನ ದರಕಾರಿಲ್ಲ ಎಂದೂ ಹೇಳಿದರು. ಎಣ್ಣೆ ಕುಡಿದವರು ತಿರುಗಿ ಮಾತಾಡುವ ಸ್ಥಿತಿಯಲ್ಲಿರಲಿಲ್ಲ.

ಅಮೀನರು ಕಲ್ಯಾಣಪ್ಪನನ್ನು ಮುಂದೆ ನಿಲ್ಲಿಸಿಕೊಂಡರು. ತಹಸೀಲ್ದಾರರು ಆರಾಮಕುರ್ಚಿಯಲ್ಲಿ ಬಾಳೆಹಣ್ಣು ಹಿಡಿದು ಕೂತಿದ್ದರು.

"ದಾವತ್‌ನ್ಯಾಗ ಎಲ್ಲಾರೂ ಕಬಾಬು ತಿಂದಾರ. ನೀ ಒಬ್ಬನ ಯಾಕ ತಿಂದಿಲ್ಲ?" ಎಂದು ಅಮೀನರು ಕೇಳಿದರು.

"ನಾ ಲಿಂಗ ಕಟ್ಟಿದವ್ರಿ ಸಾಹೇಬ್ರ. ಹುಟ್ಟಿದಾಗಿಂದ ತಿಂದಿಲ್ಲ."

"ಅಂದ್ರ ಹುಟ್ಟಿದಾಗಿಂದ ತಯಾರಿ ನಡಸೀದಿ."

ಜಾಲಿ ತಿಕ್ಕಿದವನು ಕಲ್ಯಾಣಪ್ಪ, ಬುರುಸು ತಂದವನು ಅವನು, ಊರವರೆಲ್ಲ ಹೊಟ್ಟೆ ಹಿಡಿದುಕೊಂಡಾಗ ನೆಟ್ಟಗೆ ನಿಂತವನೂ ಅವನೇ. ಮೂಡಣ ಹಂದರದಲ್ಲಿ ಕೂತವರೆಲ್ಲ ಈ ಒಳಸಂಚಿನಲ್ಲಿ ಸೇರಿರಬಹುದು ಎಂದು ಅಮೀನರು ಶಂಕೆ ವ್ಯಕ್ತಪಡಿಸಿದರು. ತಹಸೀಲ್ದಾರರು ಸಾಧು ಮನುಷ್ಯರು. ಆದರೆ ಔಡಲೆಣ್ಣೆ ಕುಡಿದ ಮೇಲೆ ಎಂಥ ಸಾಧುವಿಗೂ ದೀರ್ಘ ವಿಚಾರಣೆ ನಡೆಸುವ ಸಹನೆ ಇರುವುದಿಲ್ಲ. ಬೇಗ ಏನಾದರೂ ತೀರ್ಮಾನ ಮಾಡಿರೆಂದು ಹೇಳಿ ಅವರು ಅವಸರದಿಂದ ಒಳಗೆ ಹೋಗಿಬಂದರು.

ಆಗ ಅಮೀನರು ಒಂದು ಪರೀಕ್ಷೆ ಸೂಚಿಸಿದರು. ಜಾಲಿ ಸ್ವಚ್ಛವಾಗಿದೆ ಎಂದು ಕಲ್ಯಾಣಪ್ಪನ ಮಾತು ತಾನೆ? ಹಾಗಾದರೆ ಅದೇ ಜಾಲಿಯ ಮೇಲೆ ಸುಟ್ಟದ್ದನ್ನು ಅವನು ಎಲ್ಲರೆದುರು ತಿನ್ನಲಿ. ಕಬಾಬು ಬೇಡ, ಬದನೆಕಾಯಿಯೇ ಸಾಕು. ತಿಂದರೆ ನಿರಪರಾಧಿ, ತಿನ್ನದಿದ್ದರೆ ಠಾಣೆ. ಇದರಿಂದ ಏನು ಸಾಬೀತಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಅಮೀನರ ತನಿಖೆಯಲ್ಲಿ ಹಾಗೆಲ್ಲ ಕೇಳುವ ಪದ್ಧತಿಯಿರಲಿಲ್ಲ.

ಗನಿಸಾಬನಿಗೆ ಜೀವ ಬಂತು. ಜಾಲಿಯನ್ನು ನಿಗಿನಿಗಿ ಕೆಂಡದ ಮೇಲಿಟ್ಟು ಕೆಂಪಗೆ ಕಾಯಿಸಿದ. ಅರ್ಧ ಉಳ್ಳಾಗಡ್ಡಿ ಚುಚ್ಚಿ ಗಸಗಸ ತಿಕ್ಕಿದ, ಒದ್ದೆ ಗೋಣಿತಟ್ಟಿನಿಂದ ಒರೆಸಿದ. ಬುರುಸಿನವರ ರಾಜ್ಯ ಮುಗಿಯಿತು ನೋಡ್ರಿ ಎಂದು ಎಲ್ಲರಿಗೂ ಕೇಳುವಂತೆ ಗೊಣಗಿದ. ಬೆಂಕಿಗೆ ಜಾತಿಯಿಲ್ಲ, ಕೊಬ್ಬಿನ ಬದಲು ಎಳ್ಳೆಣ್ಣೆಯನ್ನೇ ಸವರಿದ್ದೇನೆ, ಈಗ ಇದರ ಮೇಲೆ ಸ್ವಾಮಿಗಳೂ ಉಣ್ಣಬಹುದು ಎಂದು ಕಲ್ಯಾಣಪ್ಪನಿಗೆ ಧೈರ್ಯ ಹೇಳಿದ. ಬದನೆಕಾಯಿ ಸಿಪ್ಪೆ ಸಿಡಿದು ಘಮಘಮ ಎಂದಿತು. ಅದನ್ನು ತಂದು ಕಲ್ಯಾಣಪ್ಪನ ಕೈಗೆ ಕೊಟ್ಟರು.

ಆಗ ಗುರುಲಿಂಗಪ್ಪನವರು ಸೌಟು ಕೆಳಗಿಟ್ಟು ಮುಂದೆ ಬಂದರು.

"ಅಳಿಯಂದ್ರ, ಕೇಳ್ರಿ. ಅದನ್ನ ಬಾಯಾಗ ಇಟ್ರಂದ್ರ ನಮ್ಮ ಮನಿ ಹೊಸ್ತಿಲಾ ಮರ್ತುಬಿಡ್ರಿ. ನಮ್ಮ ಸೂಗಮ್ಮಗ ಈಗಿಂದೀಗ ಸೇಡಂಕ್ಕ ಕರ್ಕೊಂಡು ಹೋಗ್ತೀನಿ."

ಕಲ್ಯಾಣಪ್ಪ ಅಂಗಳದ ನಡುವೆ ನಿಂತ. ಒಂದು ಕಡೆ ನೌಕರಿ, ಒಂದು ಕಡೆ ಹೆಂಡತಿ, ಕೈಯಲ್ಲಿ ಬಿಸಿ ಬದನೆಕಾಯಿ. ಅವನಿಗೆ ನೌಕರಿಯ ಮೇಲೆ ಪ್ರೀತಿಯಿತ್ತು. ಸೂಗಮ್ಮನ ಮೇಲೆ ಅದಕ್ಕಿಂತ ಹೆಚ್ಚು ಪ್ರೀತಿಯಿತ್ತು, ಆದರೆ ಅದನ್ನು ಇದುವರೆಗೆ ಬಾಯಿಬಿಟ್ಟು ಹೇಳುವ ಪ್ರಸಂಗ ಬಂದಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಬದನೆಕಾಯಿ ಸುಡುತ್ತಿದ್ದುದರಿಂದ ಅದು ಯಾವುದರ ನೀರು ಎಂದು ನೋಡಿದವರಿಗೆ ತಿಳಿಯಲಿಲ್ಲ. ನಾನಂತೂ ಈ ಭಾಗ ಹೇಳುವಾಗ ನಗುವುದಿಲ್ಲ. ಕಲ್ಯಾಣಪ್ಪ ಬದನೆಕಾಯಿಯನ್ನು ಬಾಯಿಯ ತನಕ ಒಯ್ದ, ಮತ್ತೆ ಇಳಿಸಿದ. ಕೊನೆಗೆ, ಠಾಣೆಗೇ ಬರುತ್ತೇನೆಂದು ಅಮೀನರಿಗೆ ಮೆಲ್ಲಗೆ ಹೇಳಿದ.

ಅಷ್ಟರಲ್ಲಿ ಸೂಗಮ್ಮ ಬಂದಳು. ರೊಟ್ಟಿ ಆರಿಹೋಗುತ್ತಿವೆ, ಗಂಡ ಇನ್ನೂ ಊಟಕ್ಕೆ ಬಂದಿಲ್ಲವೆಂದು ಹುಡುಕಿಕೊಂಡು ಬಂದವಳು. ಇಷ್ಟೆಲ್ಲ ರಾದ್ಧಾಂತದ ಕಾರಣವನ್ನು ಊರ ಗಂಡಸರು ಒಬ್ಬರಿಗೊಬ್ಬರು ಹೇಳಿಕೊಂಡಿದ್ದರೇ ಹೊರತು ಅವಳಿಗೆ ಯಾರೂ ಹೇಳಿರಲಿಲ್ಲ. ಸೆರಗು ಸರಿಮಾಡಿಕೊಂಡು ತಂದೆಯನ್ನು ಕೇಳಿದಳು. ಬುರುಸಿನ ತಂತಿ ಉದುರಿ ಕಬಾಬಿನಲ್ಲಿ ಹೋಗಿದೆ, ತಿಂದವರೆಲ್ಲ ಸಾಯುತ್ತಿದ್ದಾರೆ, ನಿನ್ನ ಗಂಡನನ್ನು ಠಾಣೆಗೆ ಒಯ್ಯುತ್ತಿದ್ದಾರೆ ಎಂದು ಗುರುಲಿಂಗಪ್ಪನವರು ಸಂಕ್ಷೇಪವಾಗಿ ತಿಳಿಸಿದರು.

"ಆ ತಂತಿ ಏನು? ಅವು ಉದರಿಲ್ಲ. ನಾ ಕಿತ್ಕೊಂಡೀನಿ."

ಇಡೀ ಅಂಗಳ ಅವಳ ಕಡೆ ತಿರುಗಿತು. ಯಾವಾಗ ಕಿತ್ತಿ, ಯಾಕೆ ಕಿತ್ತಿ ಎಂದು ಅಮೀನರು ಕೇಳಿದರು.

"ದಾವತ್ ಹಿಂದಿನ ದಿನಾರಿ. ಪತ್ರಾವಳಿ ಹಚ್ಚಲಿಕ್ಕತ್ತಿದ್ವಿ. ಜ್ವಾಳದ ದಂಟಿನ ಕಡ್ಡಿ ಥಂಡಿಗಿ ಮೆತ್ತಗಾಗಿ ಪಟಪಟ ಮುರೀಲಿಕ್ಕತ್ತಿದ್ವು. ಹೊರಗ ಗೂಡಿನ್ಯಾಗ ಹೊಸಾ ಬುರುಸು ಇತ್ತು, ಛಲೋ ಗಟ್ಟಿ ತಂತಿ. ಇಕ್ಕಳದಿಂದ ಕಿತ್ತು ಎಲಿಗಿ ಚುಚ್ಚೀನಿ. ಜಾಲಿಗಿ ಹಚ್ಚೂ ಮೊದ್ಲ ಕಿತ್ತೀನಿ ಮತ್ತ. ಮೈಲಿಗಿ ಆದದ್ದು ನಾ ಮುಟ್ಟಂಗಿಲ್ಲ."

ಪಡುವಣ ಹಂದರದವರ ಹೊಟ್ಟೆನೋವು ಅಲ್ಲೇ, ಆ ಮಾತಿನಲ್ಲೇ ವಾಸಿಯಾಯಿತು. ಹಕೀಮರು ಎದ್ದು ಕೂತು, ತಮ್ಮ ಔಷಧ ಇಷ್ಟು ಬೇಗ ಎಂದೂ ಕೆಲಸ ಮಾಡಿರಲಿಲ್ಲ ಎಂದರು. ತಹಸೀಲ್ದಾರರು ಕೈಯಲ್ಲಿದ್ದ ಬಾಳೆಹಣ್ಣನ್ನು ಬುಟ್ಟಿಗೆ ಹಾಕಿದರು. ಅಮೀನರು ಕಲ್ಯಾಣಪ್ಪನ ಕೈಯಿಂದ ಬದನೆಕಾಯಿ ಇಸಿದುಕೊಂಡು, ಉಪ್ಪು ಕೇಳಿ, ತಾವೇ ತಿಂದರು.

ಆದರೆ ಗುರುಲಿಂಗಪ್ಪನವರು ನಿಂತಲ್ಲೇ ಬೆವರಿದ್ದರು. ಅವರ ಕೈ ಮೆಲ್ಲಗೆ ಹೊಟ್ಟೆಯ ಕಡೆ ಹೋಯಿತು. ತಮ್ಮ ಎಲೆಗೂ ತಂತಿ ಚುಚ್ಚಿದ್ದಳೇ ಎಂದು ಮಗಳನ್ನು ಸಣ್ಣ ದನಿಯಲ್ಲಿ ಕೇಳಿದರು.

"ನಿಂಗ ಗಟ್ಟಿ ಎಲಿ ಇರ್ಲಿ ಅಂತ ನಾಕು ಜಾಸ್ತೀನ ಚುಚ್ಚೀನಿ ಎಪ್ಪಾ."

ಗುರುಲಿಂಗಪ್ಪನವರು ಎರಡು ಪಂಕ್ತಿಯಲ್ಲಿ ಉಂಡವರು, ಅವರಿಗೆ ಎರಡೂ ಕಡೆ ಚುಚ್ಚಿತು. ನೋಡಲು ಬಂದು ನಿಂತಿದ್ದ ಮೂಡಣ ಹಂದರದ ವ್ಯಾಪಾರಸ್ಥರು, ಪಾಟೀಲರು, ಪಟವಾರಿ, ಒಬ್ಬೊಬ್ಬರೇ ವರಾಂಡದ ಕಟ್ಟೆ ಹಿಡಿದು ಕೂತರು. ಎಲೆ ಮಡಿಚಿ ನೆಕ್ಕಿದ್ದ ಕಲ್ಯಾಣಪ್ಪ ಬೇವಿನ ಮರದ ಬುಡಕ್ಕೆ ಹೋಗಿ ಒರಗಿದ. ಬಾಳೆಹಣ್ಣಿನ ಬುಟ್ಟಿ ಈ ಕಡೆಯಿಂದ ಆ ಕಡೆ ಹೋಯಿತು. ಔಡಲೆಣ್ಣೆಯ ಡಬ್ಬಿ ಎತ್ತಿಕೊಂಡು ಬಂದವರು ಸ್ವತಃ ಅಮೀನರು. ಗುರುಲಿಂಗಪ್ಪನವರಿಗೆ ಸೌಟಿನಲ್ಲಲ್ಲ, ಚಂಬಿನಲ್ಲಿ ಕುಡಿಸಿದರು, ಉಪದೇಶ ಮಾತ್ರ ಅಮೀನರಿಗೆ ನೆನಪಿರಲಿಲ್ಲ. ಹಾಜಿಮಲಂಗ್ ಚುಂಬಕ ಹಿಡಿದು ಹೊಸ ಸಾಲಿನ ಕಡೆ ನಡೆದ.

ಅಮೀನರ ತನಿಖೆ ಇನ್ನೂ ಮುಗಿದಿರಲಿಲ್ಲ. ಒಂದು ಸಲ ಹಿಡಿದ ತರ್ಕವನ್ನು ಅವರು ಸುಮ್ಮನೆ ಬಿಡುವವರಲ್ಲ. ಅವರು ಸೂಗಮ್ಮನ ಮುಂದೆ ಬಂದು ನಿಂತು, ನೀನು ಯಾವ ಎಲೆಯಲ್ಲಿ ಉಂಡೆ ಎಂದು ಕೇಳಿದರು. ಎಲೆಯಲ್ಲಿ ಉಂಡಿಲ್ಲ ಎಂದಳು ಸೂಗಮ್ಮ. ಅಮೀನರ ಮುಖ ಅರಳಿತು. ಮೂಡಣ ಹಂದರದವರೆಲ್ಲ ತಂತಿಯ ಎಲೆಯಲ್ಲಿ ಉಂಡಿದ್ದಾರೆ, ಇವಳೊಬ್ಬಳು ಉಂಡಿಲ್ಲ. ಯಾಕೆ ಉಂಡಿಲ್ಲ?

ಸೂಗಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಮಾಡಿ ನೀಡದಾಕಿಗಿ ಎಲಿ ಎಲ್ಲಿ ಉಳೀತಾದ್ರಿ ಸಾಹೇಬ್ರ? ನೀವು ಎಲ್ಲಾರೂ ಉಂಡು ಹೋದಮ್ಯಾಲ ಬೋಗಾಣಿ ತಳಕ್ಕ ಹತ್ತಿದ್ದು ಕೆರಕೊಂಡು ಉಂಡೀನಿ. ಮನಿಗಿ ಹೋಗಿ ನಿಮ್ಮ ಬೇಗಂ ಸಾಹೇಬ್ರಿಗಿ ಕೇಳ್ರಿ, ಆ ದಿನಾ ಅವರಿಗಿ ಒಂದರ ಕಬಾಬು ಸಿಕ್ಕಿತ್ತೇನು ಅಂತ."

ಅಮೀನರು ಪಟ್ಟಾ ಬಿಗಿದುಕೊಂಡು ಹಿಂದೆ ಸರಿದರು. ಆರಾಮಕುರ್ಚಿಯಲ್ಲಿದ್ದ ತಹಸೀಲ್ದಾರರು ಏನೋ ಯೋಚಿಸತೊಡಗಿದರು. ಅವರ ಬೇಗಂ ಮಧ್ಯಾಹ್ನದಿಂದ ಬಾಳೆಹಣ್ಣು ತರಿಸುತ್ತ ಓಡಾಡಿದ್ದರು, ಒಮ್ಮೆಯೂ ಹೊಟ್ಟೆ ಹಿಡಿದುಕೊಂಡಿರಲಿಲ್ಲ. ಹಕೀಮರೂ ನೆನಪು ಮಾಡಿಕೊಂಡರು. ಇಡೀ ಚಿತ್ತಾಪುರದಿಂದ ಅವರ ಬಾಗಿಲಿಗೆ ಹೊಟ್ಟೆನೋವೆಂದು ಒಬ್ಬ ಹೆಂಗಸೂ ಬಂದಿರಲಿಲ್ಲ.

ತಹಸೀಲ್ದಾರರು ಕಾಗದ ತರಿಸಿ, ಕಲ್ಯಾಣಪ್ಪನ ನೌಕರಿ ಖಾಯಂ ಎಂದು ಅಲ್ಲೇ ರುಜು ಮಾಡಿದರು. ಇಂಥ ಹೆಂಡತಿಯಿದ್ದ ಮನುಷ್ಯನನ್ನು ಹಂಗಾಮಿಯಾಗಿ ಇಡುವುದು ಸರ್ಕಾರಕ್ಕೆ ಕ್ಷೇಮವಲ್ಲ ಎಂದು ನಕ್ಕರು. ಇನ್ನು ಮುಂದೆ ಜಾಲಿಯನ್ನು ಗನಿಸಾಬನೇ ತನ್ನ ಉಳ್ಳಾಗಡ್ಡಿಯಿಂದ ತಿಕ್ಕತಕ್ಕದ್ದು, ಆಮೇಲೆ ಕಲ್ಯಾಣಪ್ಪ ದೂರದಿಂದ ಹತ್ತಿ ಎಳೆದು ನೋಡತಕ್ಕದ್ದು, ಬುರುಸು ಬಂಗಲೆಯ ಗೇಟಿನೊಳಗೆ ಬರತಕ್ಕದ್ದಲ್ಲ ಎಂದೂ ಹುಕುಂ ಮಾಡಿದರು.

ಈ ಸುದ್ದಿ ಹೇಳಲು ಸೂಗಮ್ಮ ಬೇವಿನ ಮರದ ಬುಡಕ್ಕೆ ಹೋದಾಗ ಕಲ್ಯಾಣಪ್ಪ ಒಂದು ಬಾಳೆಹಣ್ಣು ಸುಲಿದು ಬಾಯಿಗಿಡುವುದರಲ್ಲಿದ್ದ. ಖಾಯಂ ಆಯಿತೆಂದು ಕೇಳಿ ಅವನು ಹಣ್ಣನ್ನು ನಡುವೆ ಮುರಿದು ದೊಡ್ಡ ತುಂಡನ್ನು ಅವಳ ಕಡೆ ಹಿಡಿದ.

"ನೀ ಮೊದ್ಲ ತಿನ್ನು."

"ನನಗ್ಯಾಕ್ರಿ? ನಾ ಏನ್ ತಂತಿ ನುಂಗೀನೇನು?" ಎಂದಳು ಸೂಗಮ್ಮ. ಹಾಗೆಂದವಳು ಅಲ್ಲೇ, ಎಲ್ಲರೆದುರಿಗೆ, ಗಂಡನ ಪಕ್ಕದಲ್ಲಿ ಕೂತು ಹಣ್ಣು ತಿಂದಳು.